ಹಿಂದಿನ ಕಿಟಕಿ

ಸ್ಕೂಲಿನ ಅರ್ಜಿಯಿಂದ ಹಿಡಿದು ಬ್ಯಾಂಕ್ ಪರೀಕ್ಷೆಯ ಫಾರಂವರೆಗೆ, ಕೊನೆಗೆ ಮದುವೆಗೆ ಅಂತ ಮಾಡಿಸಿದ ಬಯೋಡೇಟಾದಲ್ಲೂ, 'ತಂದೆಯ ಉದ್ಯೋಗ' ಅನ್ನೋ ಜಾಗದಲ್ಲಿ ನಾನು ಬರೆದಿದ್ದು ಒಂದೇ ಪದ: ವ್ಯಾಪಾರ. ಏನು ವ್ಯಾಪಾರ ಅಂತ ಕೇಳಿದವರಿಗೆ ಊರಲ್ಲಿ ಅಂಗಡಿ ಇದೆ ಅಂತಿದ್ದೆ. ಸುಳ್ಳೇನಲ್ಲ. ಅಂಗಡಿ ಇತ್ತು. ಬೆಳಗ್ಗೆ ಐದೂವರೆಗೆಲ್ಲ ಅದರ ತೊಲೆಗೆ ನಾಲ್ಕು ಕುರಿ ನೇತಾಡುತ್ತಿದ್ದವು, ಅಷ್ಟೇ.

ಮಳವಳ್ಳಿ ಪೇಟೆಯ ಆ ಅಂಗಡಿಯನ್ನು ಹೋದ ತಿಂಗಳು ಕೆಡವಿದೆವು. ಯಾರ ಒತ್ತಾಯವೂ ಇರಲಿಲ್ಲ. ಹಿಂದಿನ ಗೋಡೆ ಮಳೆಗೆ ಉಬ್ಬಿಕೊಂಡಿತ್ತು, ಹೆಂಚಿನ ಕೆಳಗಿನ ರೀಪರುಗಳಿಗೆ ಗೆದ್ದಲು ಹಿಡಿದಿತ್ತು, ಪ್ರತಿ ಮಳೆಗಾಲದಲ್ಲೂ ಬಕೆಟ್ ಇಟ್ಟು ಇಟ್ಟು ಅಣ್ಣನಿಗೆ ಸಾಕಾಗಿತ್ತು. ಕೆಳಗೆ ಟೈಲ್ಸ್ ಹಾಕಿದ ಅಂಗಡಿ, ಮೇಲೆ ಬಾಡಿಗೆಗೆ ಎರಡು ರೂಮು. ಇದು ಅವನ ಪ್ಲಾನು. ನಾನು ಎರಡು ದಿನ ರಜೆ ಹಾಕಿ ಹೋಗಿದ್ದೆ. ಪ್ಲಾನ್ ಬರೆಯೋ ಎಂಜಿನಿಯರ್ ಹುಡುಗ ಲ್ಯಾಪ್‌ಟಾಪ್ ಇಟ್ಟುಕೊಂಡು ಒಂದೊಂದೇ ಪ್ರಶ್ನೆ ಕೇಳುತ್ತಿದ್ದ. ಹಳೇ ಕಟ್ಟಡ ಯಾವುದಕ್ಕೆ ಬಳಸ್ತಿದ್ರಿ ಅಂದ. ಅಣ್ಣ 'ಮಟನ್ ಅಂಗ್ಡಿ' ಅಂದ. ಹುಡುಗ ತಲೆ ಆಡಿಸಿ 'ವಾಣಿಜ್ಯ' ಅಂತ ಟೈಪ್ ಮಾಡಿದ.

ಅವನದೇನೂ ತಪ್ಪಿಲ್ಲ. ಆ ಫಾರಂನಲ್ಲಿ ಹಾಗೇ ಬರೆಯಬೇಕು. ಆದರೆ ಅವತ್ತಿನಿಂದ ಇದು ತಲೆ ಕೊರೀತಾ ಇದೆ. ಎಪ್ಪತ್ತು ವರ್ಷ ಒಂದೇ ಕೆಲಸ ಮಾಡಿದ ಕಟ್ಟಡ, ಆ ಕೆಲಸದ ಹೆಸರು ಒಂದೇ ಒಂದು ಕಾಗದದಲ್ಲೂ ಇಲ್ಲ. ನನ್ನ ಕಾಗದಗಳಲ್ಲಂತೂ ಮೊದಲೇ ಇಲ್ಲ.

ನಮ್ಮ ಕಸುಬಿನ ಹೆಸರೇ ಕನ್ನಡದಲ್ಲಿ ಬೈಗುಳ, ಅದೊಂದು ಕಾರಣ ಇರಬಹುದು. ಯಾರೋ ಹೆಂಡತಿಯನ್ನೋ ಮಗುವನ್ನೋ ಕೊಂದರೆ ಪೇಪರಿನವರು 'ಕಟುಕ' ಅಂತ ಬರೀತಾರೆ. ನಮ್ಮ ಜಾತಿ ಸರ್ಟಿಫಿಕೇಟಿನಲ್ಲಿ ಇರೋದು ಆ ಪದದ ಒಡಹುಟ್ಟಿದ್ದೇ: ಆರೆ ಕಟಿಕ. ನಮ್ಮ ತಾತನಿಗೆ ಇದರ ಬಗ್ಗೆ ಬೇಜಾರು ಇದ್ದ ಹಾಗೆ ಕಾಣಲಿಲ್ಲ. ಹರಿಕಥೆಯಲ್ಲಿ ಧರ್ಮವ್ಯಾಧನ ಕತೆ ಬಂದರೆ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಮಿಥಿಲೆಯಲ್ಲಿ ಮಾಂಸ ಮಾರುವವನ ಹತ್ತಿರ ಕೌಶಿಕ ಅನ್ನೋ ಬ್ರಾಹ್ಮಣ ಧರ್ಮ ಕೇಳೋಕೆ ಬಂದನಲ್ಲ, ಆ ಕತೆ. 'ಅಂಗ್ಡಿ ಮುಂದೆ ಬಂದು ನಿಂತ್ಕಂಡಿದ್ದ ಕಣ್ಲಾ' ಅಂತ ಹೇಳೋರು, ಕೌಶಿಕ ಏನೋ ಅರ್ಧ ಕೆ.ಜಿ. ತಗೊಳ್ಳೋಕೆ ಬಂದಿದ್ದ ಅನ್ನೋ ಹಾಗೆ.

ಒಂಬತ್ತು ಹಲಗೆ

ತಾತ ಬಂದಿದ್ದು ಕೊಳ್ಳೇಗಾಲದ ಕಡೆಯಿಂದ. ಈಗ ಬಸ್ಸಿಗೆ ಒಂದು ಗಂಟೆ. ಆದರೆ ಆಗ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ರಾಜ್ಯಗಳು ಒಂದಾದಾಗಲೇ ಅದು ಈ ಕಡೆ ಬಂದಿದ್ದು. ಹಾಗಾಗಿ ತಾತ, ಕಾವೇರಿ ದಾಟಿ ಒಂದು ಹಗಲು ನಡೆದು ಬಂದಿದ್ದನ್ನು 'ಮದ್ರಾಸ್ ಸರ್ಕಾರ ಬಿಟ್ಟು ಮೈಸೂರು ಸರ್ಕಾರಕ್ಕೆ ಬಂದೆ' ಅಂತ ಕೊನೆವರೆಗೂ ಹೇಳುತ್ತಿದ್ದರು, ಪಾಸ್‌ಪೋರ್ಟ್ ಹಿಡಿದು ಬಂದವರ ಥರ. ಮನೇಲಿ ಮರಾಠಿ ಬೆರೆತ ಮಾತು, ಬೀದೀಲಿ ಮಂಡ್ಯದ ಮಾತು. ನಮ್ಮವರು ಶಿವಾಜಿಯ ತಂದೆ ಶಹಾಜಿಯ ಸೈನ್ಯದ ಹಿಂದೆ ಬಂದವರು ಅನ್ನೋ ಕತೆ ಎಲ್ಲ ಮನೆಗಳಲ್ಲೂ ಇದೆ. ಎಲ್ಲರೂ ಸೈನಿಕರೇ ಆಗಿದ್ದರೆ ಅಡುಗೆಗೆ ಕುರಿ ಕಡಿದವರು ಯಾರು ಅಂತ ನಾನೊಮ್ಮೆ ಕೇಳಿ ಚಿಕ್ಕಪ್ಪನ ಕೈಲಿ ಬೈಸಿಕೊಂಡಿದ್ದೆ.

ಅಂಗಡಿ ನಾವು ಕಟ್ಟಿದ್ದಲ್ಲ. ಅದು ಮೊದಲು ದಿನಸಿ ಮಂಡಿ. ಅದಕ್ಕೇ ಮುಂದೆ ಎತ್ತರದ ಜಗಲಿ, ಒಳಗೆ ಉದ್ದಕ್ಕೆ ಕೋಣೆ, ಹಿಂದಿನ ಸಂದಿಗೆ ತೆರೆಯುವ ಒಂದು ದೊಡ್ಡ ಕಿಟಕಿ. ಗಾಡಿಯಿಂದ ಮೂಟೆ ಇಳಿಸೋಕೆ ಮಾಡಿದ್ದು, ಸರಳು ಇಲ್ಲ, ಬರೀ ಮರದ ರೆಕ್ಕೆ. ತಾತ ಮೊದಲು ಬಾಡಿಗೆಗೆ ಹಿಡಿದು, ಆಮೇಲೆ ಕ್ರಯಕ್ಕೆ ತಗೊಂಡರು. ಕ್ರಯಪತ್ರದಲ್ಲಿ ಚಕ್ಕುಬಂದಿ ಚೆನ್ನಾಗಿ ಬರೆದಿದ್ದಾರೆ. ಪೂರ್ವಕ್ಕೆ ರಾಜಬೀದಿ, ಪಶ್ಚಿಮಕ್ಕೆ ಸಂದಿ, ಅಕ್ಕಪಕ್ಕ ಯಾರ ಯಾರ ಸ್ವತ್ತು, ಎಲ್ಲ. ಮಾರಿದವರು ಬಾಯಿಮಾತಿನಲ್ಲಿ ಹಾಕಿದ ಷರತ್ತು ಮಾತ್ರ ಪತ್ರದಲ್ಲಿಲ್ಲ. ಅವರು ತಿನ್ನದವರು. ರಸ್ತೆಗೆ ಕಾಣಬಾರದು ಅಂದರಂತೆ. ಅದಕ್ಕೆ ತಾತ ಮುಂದೆ ಬಿದಿರಿನ ತಟ್ಟಿ ಕಟ್ಟಿಸಿದರು. ಮೇಲಿಂದ ಬಿಟ್ಟರೆ ಮೊಣಕಾಲಿನವರೆಗೆ ಬರುತ್ತಿತ್ತು. ಹೊರಗಿನಿಂದ ನೋಡಿದರೆ ಒಳಗೆ ನಿಂತವರ ಕಾಲು ಮಾತ್ರ ಕಾಣೋದು. ಮನುಷ್ಯರದು ಕೆಳಗೆ, ಮೇಲೆ ಯಾರದೋ ಗೊತ್ತಲ್ಲ.

ಬಾಗಿಲು ಅಂದರೆ ಹಲಗೆ ಬಾಗಿಲು. ಹೊಸ್ತಿಲಿನ ಕಾಲುವೆಯಲ್ಲಿ ಒಂದೊಂದಾಗಿ ಜಾರಿಸಿ ನಿಲ್ಲಿಸೋ ಒಂಬತ್ತು ಹಲಗೆ. ಪ್ರತಿಯೊಂದರ ಮೇಲೂ ಕನ್ನಡ ಅಂಕಿ ಕೆತ್ತಿತ್ತು. ಅಂಕಿ ಕಲಿತಿದ್ದೇ ನಾನು ಅದರ ಮೇಲೆ. ಆರು, ಏಳು ಸದಾ ಗೊಂದಲ. ಕನ್ನಡದ ಆರು ಮತ್ತು ಏಳು ಅಣ್ಣತಮ್ಮಂದಿರ ಹಾಗೆ ಇರುತ್ತವಲ್ಲ, ಆಚೀಚೆ ಆದರೆ ಕೊನೆಯ ಹಲಗೆ ಕೂರೋದಿಲ್ಲ. ಹನ್ನೊಂದು ಗಂಟೆಗೆ ಅಂಗಡಿ ಮುಚ್ಚುವಾಗ ಅಪ್ಪ ನನ್ನ ಹತ್ತಿರ ಹಲಗೆ ತರಿಸಿ, ತಪ್ಪು ತಂದರೆ ಮಾತಾಡದೆ ಅದನ್ನೇ ಮತ್ತೆ ಕೈಗೆ ಕೊಡುತ್ತಿದ್ದರು.

ಇನ್ನೊಂದು ತಮಾಷೆ. ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟ್ ತಯಾರಾಗಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ನಮ್ಮ ಅಂಗಡಿಗೆ ಬಲ್ಬು ಬಂದಿದ್ದು ಅಪ್ಪ ಹೈಸ್ಕೂಲಿಗೆ ಹೋಗುವಾಗ. ಅಲ್ಲಿವರೆಗೆ ಬೆಳಗಿನ ಜಾವ ನಾಲ್ಕಕ್ಕೆ ಲಾಟೀನು ಹಚ್ಚಿ, ಅದನ್ನೂ ಅದೇ ತೊಲೆಗೆ, ಅದೇ ಕೊಕ್ಕೆಗೆ ನೇತು ಹಾಕುತ್ತಿದ್ದರು. ತೊಲೆಯ ಒಂದು ಜಾಗ ಕರಿ ಹಿಡಿದಿತ್ತು. ಸುಣ್ಣ ಹೊಡೆದರೂ ಆ ಕರಿ ಹೋಗಲಿಲ್ಲ.

ಕೊರಡು

ಮಟನ್ ಅಂಗಡಿಯ ಗರ್ಭಗುಡಿ ಯಾವುದು ಅಂತ ಕೇಳಿದರೆ ನಾನು ಕೊರಡು ಅಂತೀನಿ. ಹುಣಸೆ ಮರದ್ದೇ ಆಗಬೇಕು. ಬೇರೆ ಮರ ಪುಡಿ ಬಿಡುತ್ತೆ, ಮೂಳೆ ಜೊತೆ ಮರದ ಚೂರು ಸಾರಿಗೆ ಹೋಗುತ್ತೆ. ಹುಣಸೆ ಗಟ್ಟಿ, ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತೆ. ವ್ಯಾಪಾರ ಮುಗಿದ ಮೇಲೆ ಅದರ ಮೇಲೆ ಕಲ್ಲುಪ್ಪು ಎರಚಿ, ಮಚ್ಚಿನ ಬಾಯಿ ಅಡ್ಡ ಹಿಡಿದು ಕೆರೆಯಬೇಕು. ಆ ಶಬ್ದ ಇದೆಯಲ್ಲ, ಕರ್ ಕರ್ ಅಂತ, ಅದು ನಮ್ಮ ಮನೆಯಲ್ಲಿ ಊಟದ ಗಂಟೆ. ಹೀಗೆ ದಿನಾ ಕೆರೆದು ಕೆರೆದು ಕೊರಡಿನ ನಡು ತಟ್ಟೆಯ ಹಾಗೆ ತಗ್ಗಾಗುತ್ತೆ. ಅಪ್ಪ ಎಡಚ, ಅಣ್ಣ ಬಲಗೈಯವನು. ಕೊನೆಯ ಕೊರಡಿನ ಮೇಲೆ ಇಬ್ಬರೂ ಕೆಲಸ ಮಾಡಿದ್ದರಿಂದ ಅದಕ್ಕೆ ಒಂದಲ್ಲ ಎರಡು ತಗ್ಗು. ಎಡಗಡೆಯದು ಆಳ. ಅಪ್ಪ ಹೋಗಿ ಆರು ವರ್ಷ ಆದಮೇಲೂ ಅಣ್ಣ ಆ ಕಡೆ ಕೊಚ್ಚಿರಲಿಲ್ಲ. ಭಾವನೆ ಗೀವನೆ ಏನಿಲ್ಲ, ಕೈಗೆ ಬರಲ್ಲ ಅಂತಾನೆ.

ಕುರಿ ಬಗ್ಗೆ ಹೇಳದೆ ಮುಂದೆ ಹೋದರೆ ಅಪ್ಪ ಕನಸಲ್ಲಿ ಬಂದು ಬೈತಾರೆ. ಬೆಂಗಳೂರಿನಲ್ಲಿ ಗಲ್ಲಿಗೊಂದು 'ಬನ್ನೂರು ಕುರಿ' ಬೋರ್ಡು ಇದೆ. ಆ ಬೋರ್ಡುಗಳೆಲ್ಲ ನಿಜ ಆಗಿದ್ದರೆ ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ ಮನುಷ್ಯರಿಗೆ ನಿಲ್ಲೋಕೆ ಜಾಗ ಇರುತ್ತಿರಲಿಲ್ಲ. ಅದರ ಮೂಲ ನಮ್ಮ ತಾಲ್ಲೂಕಿನ ಬಂಡೂರು. ಕುಳ್ಳ ಕುರಿ. ಕಾಲು ಗಿಡ್ಡ, ಮೈ ಅಗಲ, ಹಿಂದಿನಿಂದ ನೋಡಿದರೆ ತೊಡೆಗಳು ತಲೆಕೆಳಗಾದ ಲಾಳದ ಹಾಗೆ. ಕೊಬ್ಬು ಬೇರೆ ಕುರಿಗಳ ಹಾಗೆ ಮೇಲೆ ಗಡ್ಡೆ ಕಟ್ಟದೆ ಬಾಡಿನ ಒಳಗೇ ಹರಡಿಕೊಂಡಿರುತ್ತೆ, ಅದಕ್ಕೆ ಮೆತ್ತಗೆ ಬೇಯುತ್ತೆ. ಧನಗೂರಿನಲ್ಲಿ ಇದೇ ತಳಿ ಉಳಿಸೋಕೆ ಸರ್ಕಾರದ ಫಾರಂ ಇದೆ. ಅಪ್ಪ ಸಂತೆಯಲ್ಲಿ ಕುರಿಯ ಬಾಯಿ ತೆಗೆದು ಹಲ್ಲು ನೋಡಿ, ಆಮೇಲೆ ಸೊಂಟದ ಮೇಲೆ ಹೆಬ್ಬೆರಳು ಒತ್ತುತ್ತಿದ್ದರು. ಎಷ್ಟು ಕೆ.ಜಿ. ಬೀಳುತ್ತೆ ಅಂತ ಹೇಳಿದರೆ ಅರ್ಧ ಕೆ.ಜಿ. ಆಚೀಚೆ, ಅಷ್ಟೇ. ಎರಡು ಹಲ್ಲು ದಾಟಿದ್ದನ್ನು ತರುತ್ತಿರಲಿಲ್ಲ. ಅಸಲಿ ಬಂಡೂರು ಕೂಡ ನಮ್ಮ ತೊಲೆಗೆ ವಾರಕ್ಕೆ ಒಂದೋ ಎರಡೋ. ಮಿಕ್ಕಿದ್ದೆಲ್ಲ ಬೆರಕೆ. ಬೆರಕೇನ ಬೆರಕೆ ಅಂತಲೇ ಹೇಳಿ ಮಾರುತ್ತಿದ್ದರು. ವ್ಯಾಪಾರ ಅದರಿಂದ ಕಮ್ಮಿ ಆಗಿದ್ದು ನಾನು ನೋಡಿಲ್ಲ.

ಸೇರಿನಿಂದ ಕೆ.ಜಿ.ಗೆ ಬಂದ ಕತೆಯನ್ನು ತಾತ ಹೇಳುತ್ತಿದ್ದರು. 1956ರಲ್ಲಿ ಕಾನೂನು ಆಯಿತು, ಆಮೇಲೆ ಒಂದೊಂದೇ ಕಡೆ ಜಾರಿಗೆ ಬಂತು. ಹೊಸ ಕಬ್ಬಿಣದ ತೂಕದ ಬಟ್ಟು ಬಂದ ಮೇಲೂ ಮುದುಕಿಯರು ಸೇರಿನ ಲೆಕ್ಕದಲ್ಲೇ ಕೇಳೋರು, ತಾತ ಬಾಯಲ್ಲಿ ಸೇರು ಅಂದು ತಕ್ಕಡಿಗೆ ಗ್ರಾಂ ಹಾಕೋರು. ಇಬ್ಬರಿಗೂ ತಾವು ಮೋಸ ಹೋದೆವು ಅನ್ನೋ ಅನುಮಾನ. ಹಳೇ ಸೇರಿನ ಕಲ್ಲು ಅಟ್ಟದ ಮೇಲೆ ಹಾಗೇ ಬಿದ್ದಿತ್ತು.

ಅಂಗಡಿಯ ಕ್ಯಾಲೆಂಡರ್ ಬೇರೆಯೇ. ಸೋಮವಾರ, ಶನಿವಾರ ವ್ಯಾಪಾರ ಇಲ್ಲದೆ ಏಗಾಡೋದು. ಶ್ರಾವಣ ಅಂದರೆ ಸಾಲ. ಪಿತೃಪಕ್ಷ ಬಂದರೆ ಉಸಿರು, ಹಿರಿಯರಿಗೆ ಎಡೆ ಇಡಬೇಕಲ್ಲ. ಮಾಂಸ ಮಾರಾಟ ನಿಷೇಧ ಇರೋ ದಿನಗಳೇ ನಮಗೆ ಹಬ್ಬ. ಗಾಂಧಿ ಜಯಂತಿ ಅಂದರೆ ನಮ್ಮ ಮನೆಯವರೆಲ್ಲ ಒಟ್ಟಿಗೆ ಮೈಸೂರಿಗೆ ಹೋಗಿ ಸಿನಿಮಾ ನೋಡೋ ದಿನ. ಆ ಕಾರಣಕ್ಕೆ ನನಗೆ ಗಾಂಧೀಜಿ, ಮಹಾವೀರ, ಬುದ್ಧ ಮೂವರ ಮೇಲೂ ಚಿಕ್ಕಂದಿನಿಂದ ವಿಪರೀತ ಪ್ರೀತಿ.

ಹಿಂದಿನ ಕಿಟಕಿ

ಮೂಟೆ ಇಳಿಸೋ ಕಿಟಕಿ ಅಂದೆನಲ್ಲ. ಅದು ಯಾವಾಗ ಬೇರೆ ಕೆಲಸಕ್ಕೆ ಬಂತೋ ಗೊತ್ತಿಲ್ಲ, ನನಗೆ ತಿಳುವಳಿಕೆ ಬರೋ ಹೊತ್ತಿಗೆ ಅದಕ್ಕೆ ಅದರದೇ ಕಾನೂನು ಇತ್ತು. ಮುಂದೆ ಬಾರದವರು ಅಲ್ಲಿ ಬರುತ್ತಿದ್ದರು. ರೆಕ್ಕೆಯ ಮೇಲೆ ಎರಡು ಸಲ ಬೆರಳಲ್ಲಿ ತಟ್ಟೋದು. ಒಳಗಿನಿಂದ ಯಾರೂ 'ಯಾರು' ಅಂತ ಕೇಳಬಾರದು. ಎಷ್ಟು, ಏನು, ಅಷ್ಟೇ. ಮೊದಲು ಮುತ್ತುಗದ ಎಲೆ, ಅದರ ಮೇಲೆ ಪೇಪರು, ಆಮೇಲೆ ಅವರೇ ತಂದ ಬಟ್ಟೆ ಚೀಲ. ಚೀಲದ ಮೇಲುಗಡೆ ಕೊತ್ತಂಬರಿ ಕಟ್ಟು ಇಣುಕುತ್ತಿರಬೇಕು. ಕೊತ್ತಂಬರಿ ಕಟ್ಟನ್ನು ನಮ್ಮ ಅಜ್ಜಿ ಪುಕ್ಕಟೆ ಕೊಡುತ್ತಿದ್ದರು. ಮುಂದೆ ಕೊಳ್ಳೋರಿಗೆ ಅದು ಇರಲಿಲ್ಲ!

ಎಲ್ಲರೂ ಚಪಲಕ್ಕೆ ಬರುತ್ತಿದ್ದರು ಅಂದುಕೊಳ್ಳಬೇಡಿ. ಅಂಥವರೂ ಇದ್ದರು, ಖಂಡಿತ. ಆದರೆ ಜಾಸ್ತಿ ಹೋಗುತ್ತಿದ್ದಿದ್ದು ಕಾಲು. ಬಾಣಂತಿಗೆ, ಮೂಳೆ ಮುರಿದವರಿಗೆ, ಟಿ.ಬಿ. ಆದವರಿಗೆ ಡಾಕ್ಟರು ಕಾಲು ಸೂಪ್ ಕುಡಿಸಿ ಅಂದಿರುತ್ತಾರೆ, ಮನೆಯಲ್ಲಿ ಪಾತ್ರೆ ಇರುವುದಿಲ್ಲ, ಮಾಡೋಕೆ ಬರುವುದಿಲ್ಲ. ಅಜ್ಜಿ ಕಾಲು ಸುಟ್ಟು, ಕೆರೆದು, ಕೊಚ್ಚಿ, ಎಷ್ಟು ವಿಸಿಲ್ ಅಂತ ಹೇಳಿ ಕೊಡುತ್ತಿದ್ದರು. ಕೆಲವು ಸಲ ತಾವೇ ಸೂಪ್ ಮಾಡಿ ಹಾರ್ಲಿಕ್ಸ್ ಬಾಟಲಿಗೆ ಹಾಕಿ ಕೊಟ್ಟಿದ್ದೂ ಉಂಟು.

ನಾನು ಆರನೇ ಕ್ಲಾಸಿನಲ್ಲಿದ್ದೆ. ಆಷಾಢದ ಗಾಳಿ, ಜಿನುಗು ಮಳೆ. ಅಪ್ಪ ಸಂತೆಗೆ ಹೋಗಿದ್ದರು, ತಾತ ಮುಂದೆ, ಹಿಂದೆ ನಾನೊಬ್ಬನೇ. ಎರಡು ಸಲ ತಟ್ಟಿದ ಸದ್ದು. ರೆಕ್ಕೆ ತೆಗೆದೆ. ತಲೆ ಮೇಲೆ ಟವೆಲ್ ಎಳೆದುಕೊಂಡು, ಮುಖ ಅರ್ಧ ಆ ಕಡೆ ತಿರುಗಿಸಿ ಒಬ್ಬರು ನಿಂತಿದ್ದರು. ಮುಖ ನೋಡೋ ಅಗತ್ಯವೇ ಬರಲಿಲ್ಲ. ಚೀಲ ಚಾಚಿದ ಕೈಯ ಬೆರಳುಗಳಿಗೆ ಸೀಮೆಸುಣ್ಣ ಮೆತ್ತಿತ್ತು. ತೋರುಬೆರಳಿನ ಉಗುರು ಸೀಳಿತ್ತು. ಆ ಉಗುರು ನಾನು ದಿನಾ ಬೋರ್ಡಿನ ಮೇಲೆ ನೋಡುತ್ತಿದ್ದೆ. ನಮ್ಮ ಮೇಷ್ಟ್ರು. 'ನಾಲ್ಕು ಕಾಲು' ಅಂದರು. ನಾನು ಗರ ಬಡಿದ ಹಾಗೆ ನಿಂತೆ. ಅವರಿಗೂ ನನ್ನ ಗುರುತು ಸಿಕ್ಕಿತು ಅಂತ ಕಾಣುತ್ತೆ, ಕೈ ಒಂಚೂರು ಹಿಂದೆ ಹೋಯಿತು. ಆದರೆ ಚೀಲ ಬಿಡಲಿಲ್ಲ. ಕಾಲು ಸುತ್ತಿ ಚೀಲಕ್ಕೆ ಹಾಕಿದೆ. ಕೊತ್ತಂಬರಿ ಮರೆತೆ. ಅವರು ಚೀಲ ನೋಡಿ, ನನ್ನನ್ನು ನೋಡಿ, ಮೆಲ್ಲಗೆ 'ಸೊಪ್ಪು ಇಡು ಮಗ' ಅಂದರು.

ಅವರ ಮಗಳಿಗೆ ಹುಷಾರಿರಲಿಲ್ಲ ಅನ್ನೋದು ಆಮೇಲೆ ಅಜ್ಜಿಯಿಂದ ಗೊತ್ತಾಯಿತು. ಆರು ತಿಂಗಳು ಬಂದರು ಅಂತೆ. ಯಾವ ಮೇಷ್ಟ್ರು, ಯಾವ ಸಬ್ಜೆಕ್ಟು ಅಂತ ಹೇಳೋದಿಲ್ಲ, ಇಲ್ಲಿ ಒಂದೆರಡು ಗುರುತನ್ನು ಬೇಕಂತಲೇ ಬದಲಾಯಿಸಿದ್ದೀನಿ.

ಈ ಪ್ರಸಂಗದ ನಿಜವಾದ ತುದಿ ಇರೋದು ಬೇರೆ ಕಡೆ. ಮುಂದಿನ ವರ್ಷ ಅದೇ ಮೇಷ್ಟ್ರು ನಮ್ಮ ಕ್ಲಾಸ್ ಟೀಚರ್. ಸ್ಕಾಲರ್‌ಶಿಪ್ ಅರ್ಜಿ ತುಂಬಿಸುತ್ತಿದ್ದರು. ಒಬ್ಬೊಬ್ಬರನ್ನೇ ನಿಲ್ಲಿಸಿ ಜೋರಾಗಿ ಕೇಳೋರು, ಅಪ್ಪ ಏನು ಮಾಡ್ತಾರೆ. ವ್ಯವಸಾಯ. ಕೂಲಿ. ಡ್ರೈವರ್. ನನ್ನ ಸರದಿ ಬರುವ ಹೊತ್ತಿಗೆ ನನ್ನ ನಾಲಿಗೆ ಒಣಗಿತ್ತು. ಅವರು ಕೇಳಲೇ ಇಲ್ಲ. ತಲೆ ಎತ್ತದೆ ತಾವೇ ಬರೆದು, ಬಾಯಿಬಿಟ್ಟು ಓದಿದರು: 'ವ್ಯಾಪಾರ.' ಮುಂದಿನವನನ್ನು ಕರೆದರು.

ಇಷ್ಟು ವರ್ಷ ನಾನು ಬರೆದ ಪದ ಅವರು ಕೊಟ್ಟಿದ್ದು. ನನ್ನನ್ನು ಕಾಪಾಡೋಕೆ ಬರೆದರೋ, ನಾನು 'ಮಟನ್ ಅಂಗಡಿ ಸಾರ್' ಅಂದರೆ ನಮ್ಮಿಬ್ಬರ ಕಣ್ಣು ಕೂಡುತ್ತಲ್ಲ ಅಂತ ಹೆದರಿ ಬರೆದರೋ. ಎರಡೂ ಇರಬಹುದು. ಅವತ್ತು ಮಾತ್ರ ನನಗೆ ಜೀವ ಬಂದ ಹಾಗಾಗಿತ್ತು.

ರಾವ್ ಅಂದ್ರೆ ನಮ್ಮೋರೇ

ನಮ್ಮಲ್ಲಿ ಹೆಸರಿನ ಹಿಂದೆ ರಾವ್ ಅಂತ ಇರುತ್ತೆ. ಊರಲ್ಲಿ ಇದರಿಂದ ಏನೂ ಗೊಂದಲ ಇಲ್ಲ, 'ರಾಯರಂಗಡಿ ಬಾಡು' ಅಂದರೆ ಎಲ್ಲರಿಗೂ ಗೊತ್ತು. ಬೆಂಗಳೂರಿಗೆ ಬಂದ ಮೇಲೆ ಗೊತ್ತಾಯಿತು, ಈ ಎರಡಕ್ಷರ ಎಷ್ಟು ಬಾಗಿಲು ತೆಗೆಯುತ್ತೆ ಅಂತ. ಮನೆ ಹುಡುಕುತ್ತಿದ್ದೆ. ಗೇಟಿನ ಮೇಲೆ 'ಸಸ್ಯಾಹಾರಿಗಳಿಗೆ ಮಾತ್ರ' ಅಂತ ಇದ್ದ ಒಂದು ಮನೆ, ಆಫೀಸಿಗೆ ಹತ್ತು ನಿಮಿಷ, ಬಾಡಿಗೆ ಕೈಗೆಟುಕೋ ಹಾಗಿತ್ತು. ಮನೆ ಯಜಮಾನರು ಹೆಸರು ಕೇಳಿದರು. ಹೇಳಿದೆ. ಮುಖ ಅರಳಿತು. 'ರಾವ್ ಅಂದ್ರೆ ನಮ್ಮೋರೇ ಬಿಡಿ' ಅಂದರು. ನಾನು ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಅಡ್ವಾನ್ಸ್ ಕೊಟ್ಟೆ.

ಮೂರು ವರ್ಷ ಇದ್ದೆ ಅಲ್ಲಿ. ಒಳ್ಳೆ ಜನ. ಹಬ್ಬಕ್ಕೆ ಹೋಳಿಗೆ, ಜ್ವರ ಬಂದರೆ ಸಾರು. ಮೊಟ್ಟೆ ಕೂಡ ಮನೆ ಒಳಗೆ ತರಲಿಲ್ಲ ನಾನು. ಒಂದು ಸಲ ಅಮ್ಮ ಊರಿಂದ ಬಂದರು. ಅಪ್ಪ ಡಬ್ಬಿ ತುಂಬ ಕೈಮ ಉಂಡೆ ಸಾರು ಕಳಿಸಿದ್ದರು, ಅದೂ ಅಸಲಿ ಬಂಡೂರು ತೊಡೆಯದ್ದು. ಅಮ್ಮ ಡಬ್ಬಿ ಬಿಚ್ಚೋಕೆ ಹೋದಾಗ ನಾನು ಓಡಿ ಹೋಗಿ ಕಿಟಕಿ ಮುಚ್ಚಿದೆ. ಬಿಸಿ ಮಾಡಬೇಡ, ವಾಸನೆ ಬರುತ್ತೆ ಅಂದೆ. ಮೆಟ್ಟಿಲ ಮೇಲೆ ಯಜಮಾನರ ಚಪ್ಪಲಿ ಸದ್ದು. ಅಮ್ಮ ಒಂದು ಮಾತೂ ಆಡದೆ ಮುಚ್ಚಳ ಹಾಕಿ, ಡಬ್ಬಿಯನ್ನು ಬ್ಯಾಗಿನ ತಳಕ್ಕಿಟ್ಟು, ಅದರ ಮೇಲೆ ಸೀರೆ ಹರವಿದರು. ಆಮೇಲೆ ತಾವು ತಂದಿದ್ದ ಕೊತ್ತಂಬರಿ ಕಟ್ಟನ್ನು ಸೀರೆ ಮೇಲೆ ಇಟ್ಟು ನನ್ನ ಕಡೆ ನೋಡಿದರು. ನಗಲಿಲ್ಲ. ಸಂಜೆ ಬಸ್ಸಿಗೆ ಡಬ್ಬಿ ವಾಪಸ್ ಹೋಯಿತು.

ಕಿಟಕಿಗೆ ಬಂದವರನ್ನು ನೋಡಿ ಚಿಕ್ಕಂದಿನಲ್ಲಿ ನಾವು ಮಕ್ಕಳು ಮರೆಯಲ್ಲಿ ಕಿಸಿಕಿಸಿ ನಗುತ್ತಿದ್ದೆವು. ಬೆಂಗಳೂರಿನ ಆ ಮನೆಯಲ್ಲಿ ಮೂರು ವರ್ಷ ಕಿಟಕಿಯ ಆಚೆ ನಿಂತಿದ್ದವನು ನಾನೇ.

2022ರ ಹೊಸ ತೊಡಕು

ಯುಗಾದಿ ಮಾರನೇ ದಿನ ಹೊಸ ತೊಡಕು. ನಮ್ಮ ಕಡೆ ಅವತ್ತು ಬಾಡಿನ ಎಸರು ಇಲ್ಲದ ಮನೆ ಕಮ್ಮಿ. ವರ್ಷವಿಡೀ ಚೀಟಿ ಕಟ್ಟಿ ಅವತ್ತು ಪಾಲು ತಗೊಳ್ಳೋರು, ಹತ್ತಿಪ್ಪತ್ತು ಮನೆ ಸೇರಿ ಮರಿ ತಂದು ಗುಡ್ಡೆ ಹಾಕಿಕೊಳ್ಳೋರು, ರಾತ್ರಿ ಮೂರಕ್ಕೇ ನಮ್ಮ ಜಗಲಿ ಮೇಲೆ ಟವೆಲ್ ಹಾಸಿ ಜಾಗ ಹಿಡಿಯೋರು. ಆ ದಿನ ನಮ್ಮಲ್ಲಿ ಮರಿ ಮುಗಿದರೆ ಎದುರುಗಡೆ ಸಾಬರ ಅಂಗಡಿಯಿಂದ ತರಿಸುತ್ತಿದ್ದೆವು, ಅವರಲ್ಲಿ ಮುಗಿದರೆ ನಮ್ಮಲ್ಲಿಂದ ಜೀವಂತ ಮರಿ ಅವರಿಗೆ. ಅವರದು ಹಲಾಲ್, ನಮ್ಮದು ಒಂದೇ ಏಟು. ಬೀದಿಗೆಲ್ಲ ಗೊತ್ತಿತ್ತು. ಗಿರಾಕಿ ಕೇಳುತ್ತಿದ್ದ ಪ್ರಶ್ನೆ ಮರಿ ಎಳೇದಾ, ಬಲಿತಿದೆಯಾ ಅನ್ನೋದು ಮಾತ್ರ.

2022ರಲ್ಲಿ ಏನಾಯಿತು ಅಂತ ನಿಮಗೆ ಗೊತ್ತೇ ಇದೆ. ಹೊಸ ತೊಡಕಿಗೆ ಹಲಾಲ್ ಬೇಡ, ಒಂದೇ ಏಟಿನ ಜಟ್ಕಾನೇ ತಗೊಳ್ಳಿ ಅಂತ ಕೆಲವು ಸಂಘಟನೆಗಳು ಕರೆ ಕೊಟ್ಟಿದ್ದವು. ಟಿ.ವಿ. ಹಾಕಿದರೆ ಅದೇ ಹಲಾಲ್, ಜಟ್ಕಾ. ಯುಗಾದಿಗೆ ಎರಡು ದಿನ ಮುಂಚೆ ನಾಲ್ಕು ಜನ ಹುಡುಗರು ಅಣ್ಣನ ಹತ್ತಿರ ಫ್ಲೆಕ್ಸ್ ಹಿಡಿದು ಬಂದರಂತೆ, 'ಜಟ್ಕಾ ಕಟ್' ಅಂತ ದೊಡ್ಡದಾಗಿ ಬರೆದಿದ್ದು. ಕಟ್ಟೋಕೆ ಹಗ್ಗವನ್ನೂ ಅವರೇ ತಂದಿದ್ದರು. ಎಪ್ಪತ್ತು ವರ್ಷ ಬೋರ್ಡೇ ಇಲ್ಲದ ಅಂಗಡಿ ನಮ್ಮದು. ಕಾಣಬಾರದು ಅಂತ ತಟ್ಟಿ ಕಟ್ಟಿದ ಅಂಗಡಿ. ಅಣ್ಣ 'ತಾತನ ಕಾಲದಿಂದ ಬೋಲ್ಡ್ ಹಾಕಿಲ್ಲ ಕಣ್ರಪ್ಪ, ನಾನ್ ಹಾಕಿದ್ರೆ ಹಿರೀಕರು ಎಡೆ ಮುಟ್ಟಕಿಲ್ಲ' ಅಂತ ನಗಾಡಿಸಿ ಕಳಿಸಿದ. ಅವರು ಫ್ಲೆಕ್ಸನ್ನು ಪಕ್ಕದ ಕರೆಂಟ್ ಕಂಬಕ್ಕೆ ಕಟ್ಟಿ ಹೋದರು.

ಅವತ್ತು ಭಾನುವಾರ ಬೇರೆ. ವ್ಯಾಪಾರ ಯಾವ ಹೊಸ ತೊಡಕಿಗೂ ಆಗದಷ್ಟು ಆಯಿತು. ಎದುರಿನ ಅಂಗಡಿ ಮುಂದೆ ಅರ್ಧ ಜನವೂ ಇರಲಿಲ್ಲ. ಒಂಬತ್ತು ಗಂಟೆಗೆ ನಮ್ಮಲ್ಲಿ ಮರಿ ಮುಗಿದವು. ಅಣ್ಣ ರೂಢಿಯಂತೆ ರಸ್ತೆ ದಾಟಿ ಹೋಗಿ ನಿಂತನಂತೆ. ಸಾಬರು ಇವನಿಗಿಂತ ಹಿರಿಯರು, ತಾತನ ಕಾಲದವರ ಮಗ. ಅವರು 'ತಗೊಂಡೋಗು ಮಗಾ, ಎಷ್ಟು ಬೇಕು' ಅಂದರಂತೆ. ಅಣ್ಣ ಅದನ್ನು ಹೇಳುವಾಗ ಅವತ್ತಿನ ಕಲೆಕ್ಷನ್ ಎಷ್ಟು ಅಂತಲೂ ಹೇಳಿದ. ಸಾಮಾನ್ಯವಾಗಿ ಅಂಥದ್ದನ್ನು ಮೀಸೆ ತೀಡಿ ಹೇಳೋನು. ಅವತ್ತು ನೆಲ ನೋಡಿಕೊಂಡು ಹೇಳಿದ.

ಸುಣ್ಣದ ಪದರ

ಕೆಡವೋ ದಿನಕ್ಕೆ ಬರುತ್ತೀನಿ. ಮೊದಲು ಹೆಂಚು ಇಳಿಸಿದರು. ಆಮೇಲೆ ಹಲಗೆಗಳು. ಒಂದರಿಂದ ಒಂಬತ್ತರವರೆಗೆ ನಾನೇ ಸರಿಯಾಗಿ ಜೋಡಿಸಿ ಗೋಡೆಗೆ ಒರಗಿಸಿದೆ, ಆರು ಏಳು ತಪ್ಪಲಿಲ್ಲ. ಗುಜರಿಯವನು ತೊಲೆಯ ಕೊಕ್ಕೆಗಳನ್ನ ತೂಕಕ್ಕೆ ಕೇಳಿದ. ಅಣ್ಣ ಕೊಡಲಿಲ್ಲ, ಹೊಸ ಅಂಗಡಿಯಲ್ಲಿ ಸ್ಟೀಲ್ ಪೈಪಿಗೆ ಅವನ್ನೇ ಹಾಕ್ತೀನಿ ಅಂದ. ಅವೂ ಸವೆದಿವೆ, ಒಳಬಳಸು ಕನ್ನಡಿ ಥರ ಹೊಳೆಯುತ್ತೆ. ಪಕ್ಕದ ಗೋಡೆ ಬಿದ್ದಾಗ ಸುಣ್ಣ ಹಾಳೆ ಹಾಳೆಯಾಗಿ ಬಂತು. ಒಂದು ತುಂಡು ಎತ್ತಿಕೊಂಡು ಅಂಚು ನೋಡಿದೆ. ಈರುಳ್ಳಿ ಹಾಗೆ ಪದರ, ಪದರ. ವರ್ಷಕ್ಕೊಂದು ಆಯುಧಪೂಜೆ, ಆಯುಧಪೂಜೆಗೊಂದು ಸುಣ್ಣ. ಅವತ್ತು ಚೂರಿ ಮಚ್ಚುಗಳಿಗೆ ಕುಂಕುಮ ಇಟ್ಟು ಮಲಗಿಸುತ್ತಿದ್ದರು, ಬೂದುಗುಂಬಳ ಒಡೆಯೋಕೆ ಕೂಡ ಪಕ್ಕದ ಅಂಗಡಿಯ ಮಚ್ಚು. ಪದರ ಎಣಿಸೋಕೆ ಶುರು ಮಾಡಿ ಮೂವತ್ತರ ಹತ್ತಿರ ತಪ್ಪಿಹೋಯಿತು. ನಡುನಡುವೆ ನೀಲಿ ಗೆರೆ. ಅದು ಅಜ್ಜಿ ಇದ್ದ ಕಾಲ, ಸುಣ್ಣಕ್ಕೆ ನೀಲಿ ಬೆರೆಸದೆ ಅವರಿಗೆ ಸಮಾಧಾನ ಇರಲಿಲ್ಲ.

ಅಟ್ಟ ಇಳಿಸುವಾಗ ಸಿಕ್ಕಿದ್ದು ಸೇರಿನ ಕಲ್ಲು, ತುಕ್ಕು ಹಿಡಿದ ಲಾಟೀನು, ಮತ್ತೆ ಕೆಂಪು ಬಟ್ಟೆಯ ರಟ್ಟಿನ ಮೂರು ಉದ್ದನೆ ಲೆಕ್ಕದ ಪುಸ್ತಕ. ತಾತನ ಕೈಬರಹ, ಆಮೇಲೆ ಅಪ್ಪನದು. ನನಗಂತೂ ನಿಧಿ ಸಿಕ್ಕ ಹಾಗಾಯಿತು. ಮಣ್ಣಿನ ಗುಡ್ಡೆ ಮೇಲೆ ಕೂತು ಓದತೊಡಗಿದೆ. ಕುರಿ ಎಷ್ಟಕ್ಕೆ ತಂದಿದ್ದು, ಚರ್ಮ ಎಷ್ಟಕ್ಕೆ ಹೋಗಿದ್ದು, ಸಾಲ ಯಾರದು. ಚರ್ಮದ ದುಡ್ಡಲ್ಲೇ ಒಂದು ಕಾಲಕ್ಕೆ ಮನೆ ಖರ್ಚು ನಡೆಯುತ್ತಿತ್ತು ಅನ್ನೋದು ಅಲ್ಲಿ ಕಾಣುತ್ತೆ, ಈಗ ಅದಕ್ಕೆ ಉಪ್ಪಿನ ಖರ್ಚೂ ಹುಟ್ಟಲ್ಲ. ಕೆಲವು ಹೆಸರಿನ ಮುಂದೆ 'ಹಿ.ಕಿ.' ಅಂತ ಚಿಕ್ಕದಾಗಿ ಬರೆದಿತ್ತು. ಹಿಂಬಾಕಿ ಇರಬೇಕು ಅಂದುಕೊಂಡೆ. ಎರಡು ಪುಟ ತಿರುಗಿಸುವಷ್ಟರಲ್ಲಿ ಹೊಳೆಯಿತು. ಹಿಂದಿನ ಕಿಟಕಿ.

ಹೆಸರುಗಳು ಪೂರ್ತಿ ಇದ್ದವು. ಮನೆತನದ ಸಮೇತ. ತಾತ ಬಾಯಿ ಬಿಡದ ಮನುಷ್ಯ, ಆದರೆ ಸಾಲದ ಲೆಕ್ಕದಲ್ಲಿ ಸುಳ್ಳು ಬರೆಯೋನಲ್ಲ. ಊರಿನಲ್ಲಿ ದೊಡ್ಡ ಮನೆ ಅಂತ ಕರೆಸಿಕೊಳ್ಳೋರು, ನಮ್ಮ ಹತ್ತಿರ ನೀರು ಮುಟ್ಟದೋರು, ಸಭೆಯಲ್ಲಿ ಪ್ರಾಣಿದಯೆ ಭಾಷಣ ಮಾಡುತ್ತಿದ್ದವರು. ನನಗೆ ಒಳಗೊಳಗೇ ಕುಣಿಯೋ ಹಾಗಾಯಿತು, ಸುಳ್ಳು ಯಾಕೆ ಹೇಳಲಿ. ಇದನ್ನ ಬರೀಬೇಕು ಅಣ್ಣ, ಊರಿನ ನಿಜವಾದ ಚರಿತ್ರೆ ಇದು ಅಂದೆ. ಫೋನ್ ತೆಗೆದು ಒಂದು ಪುಟದ ಫೋಟೋ ಕೂಡ ಹೊಡೆದೆ.

ಅಣ್ಣ ಕೈ ಚಾಚಿದ. ಪುಸ್ತಕ ಕೊಟ್ಟೆ. ಫೋನ್ ಕಡೆ ಬೆರಳು ತೋರಿಸಿದ. ಅಳಿಸಿದೆ.

'ಅವ್ರು ಮುಂದೆ ಬರ್ನಿಲ್ಲ ಅಂತ ನಿಂಗೆ ಸಿಟ್ಟು. ಹಿಂದೆ ಬಂದ್ರಲ್ಲ, ನಂಬಿ ತಾನೇ ಬಂದಿದ್ದು' ಅಂದ. ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು, 'ನೀನ್ ಬೆಂಗ್ಳೂರಲ್ಲಿ ಮನೆ ಯಜಮಾನ್ರಿಗೆ ಹೇಳಿದ್ಯಾ?' ಅಂದ. ಅಮ್ಮ ಡಬ್ಬಿ ಕತೆ ಅವನಿಗೆ ಹೇಳಿದ್ದರು ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ಸಾಯಂಕಾಲ ಮನೆಯಲ್ಲಿ ಸ್ನಾನದ ಹಂಡೆ ಒಲೆಗೆ ಮೂರೂ ಪುಸ್ತಕ ಹೋದವು. ಕೊರಡನ್ನೂ ಒಡೆದು ಒಲೆಗೆ ಹಾಕೋದು ನಮ್ಮ ಮನೆ ಪದ್ಧತಿ, ಹಳೇ ಕೊರಡುಗಳೆಲ್ಲ ಹಾಗೇ ಹೋಗಿರೋದು. ಈ ಕೊರಡನ್ನು ಮಾತ್ರ ಅವನು ಹಿತ್ತಲಲ್ಲಿ ತೆಂಗಿನ ಮರದ ಬುಡಕ್ಕೆ ಉರುಳಿಸಿದ. ಅತ್ತಿಗೆ ಅದರ ಮೇಲೆ ಬಟ್ಟೆ ಒಗೆಯೋ ಕಲ್ಲು ಇಡಬೇಕು ಅಂತಿದ್ದರು.

ಮಾರನೇ ದಿನ ಬೆಳಗ್ಗೆ ಎಂಜಿನಿಯರ್ ಹುಡುಗ ಮತ್ತೆ ಬಂದ, ಪ್ಲಾನಿನ ಪ್ರಿಂಟ್ ಹಿಡಿದು. ಮುಂದೆ ರೋಲಿಂಗ್ ಶಟರ್, ದೊಡ್ಡ ಗಾಜು, ಒಳಗೆ ಫ್ರೀಜರ್‌ಗೆ ಪಾಯಿಂಟು. ತಟ್ಟಿ ಗಿಟ್ಟಿ ಏನೂ ಇಲ್ಲ, ರಸ್ತೆಯಿಂದ ಎಲ್ಲ ಕಾಣುತ್ತೆ. ಗಾಜಿನ ಮೇಲೆ ಹೆಸರೂ ಬರೆಸುತ್ತಾನಂತೆ. ಅಣ್ಣ ಪ್ರಿಂಟನ್ನು ಉಲ್ಟಾ ಹಿಡಿದು, ಸರಿ ಮಾಡಿಕೊಂಡು, ಹಿಂದಿನ ಗೋಡೆ ಮೇಲೆ ಬೆರಳಿಟ್ಟ.

'ಇಲ್ಲೊಂದು ಕಿಟಕಿ ಬುಡಿ. ಎರಡಡಿ ಎರಡಡಿ.'

'ಅಲ್ಲಿ ಗಾಳಿ ಬರಲ್ಲ ಅಣ್ಣ, ಸಂದಿ ಅದು' ಅಂದ ಹುಡುಗ.

'ಗಾಳಿಗಲ್ಲ.'

ಹುಡುಗ ನನ್ನ ಮುಖ ನೋಡಿದ. ನಾನು ಅಣ್ಣನ ಮುಖ ನೋಡಿ, ಈಗಿನ ಕಾಲದಲ್ಲಿ ಯಾರು ಬರ್ತಾರೆ ಅಲ್ಲಿ, ಎಲ್ಲರೂ ಫೋನಲ್ಲಿ ಆರ್ಡರ್ ಮಾಡ್ತಾರಲ್ಲ ಅಂದೆ.

'ಇನ್ನೂ ಮೂರ್ ಮನೆಯವ್ರು ಬತ್ತಾವ್ರೆ' ಅಂದ. ಯಾರು ಅಂತ ನಾನು ಕೇಳಲಿಲ್ಲ. ಹುಡುಗ ಪೆನ್ಸಿಲ್ ತೆಗೆದು ಹಿಂದಿನ ಗೋಡೆಯಲ್ಲಿ ಒಂದು ಚೌಕ ಎಳೆದು, ಪಕ್ಕದಲ್ಲಿ 'ವೆಂಟಿಲೇಷನ್' ಅಂತ ಬರೆದುಕೊಂಡ.